ನ್ಯೂ ಆರ್ಲಿಯನ್ಸ್‌ನಲ್ಲಿ ಶನಿವಾರದಿಂದ ಸೋಮವಾರದವರೆಗೆ: ಊಟ, ಪಾನೀಯ, ಸಂಗೀತ ಮತ್ತು ಸುತ್ತಾಟದ ಸಮಗ್ರ ಮಾರ್ಗದರ್ಶಿ

ಅಮೆರಿಕದ ದಕ್ಷಿಣದ ರಾಜ್ಯಗಳನ್ನು ನೋಡಲು ಹೊರಟವರು ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್‌ಗೆ ಬಂದಾಗ, ಬೇರೆ ಊರುಗಳಲ್ಲಿ ಮಾಡುವಂತೆಯೇ, ನೋಡಬೇಕಾದ ಸ್ಥಳಗಳನ್ನು ಮೊದಲು ಗುರುತು ಹಾಕಿಕೊಂಡು ಊಟವನ್ನು ನಡುವೆ ಸಿಕ್ಕಲ್ಲಿ ಮುಗಿಸಿದರಾಯಿತು ಎಂದುಕೊಳ್ಳುತ್ತಾರೆ. ಈ ಊರಿನಲ್ಲಿ ಆ ಕ್ರಮವನ್ನು ತಲೆಕೆಳಗು ಮಾಡಬೇಕು. ಇಲ್ಲಿ ಕೆಲವು ಅಡುಗೆಗಳಿಗೆ ವಾರ ಉಂಟು, ಕೆಲವಕ್ಕೆ ಋತು ಉಂಟು, ಸಂಗೀತಕ್ಕಂತೂ ಗೊತ್ತಾದ ಹೊತ್ತೇ ಉಂಟು. ಆದ್ದರಿಂದ ಊಟವನ್ನೂ ಸಂಗೀತವನ್ನೂ ಮೊದಲು ನಿಶ್ಚಯಿಸಿಕೊಂಡು, ಅವುಗಳ ಸುತ್ತ ನಡೆದು ತಲುಪಬಹುದಾದ ಸ್ಥಳಗಳನ್ನು ಜೋಡಿಸಿಕೊಂಡರೆ ಮೂರು ದಿನ ಸಾಕು. ಆ ಮೂರು ದಿನಗಳು ಶನಿವಾರ, ಭಾನುವಾರ, ಸೋಮವಾರ ಆಗಿದ್ದರೆ ಎಲ್ಲಕ್ಕಿಂತ ಅನುಕೂಲ. ಅದರ ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ.

ಹೆಜ್ಜೆ 1: ಕಾಲವನ್ನು ಆರಿಸಿಕೊಳ್ಳಿ

ಅಕ್ಟೋಬರ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಹವೆ ಹಿತವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸೆಕೆ ಮೇ ತಿಂಗಳ ಮಂಗಳೂರಿನಂತೆ ಮೈಗೆ ಅಂಟಿಕೊಳ್ಳುವಂಥದ್ದು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತುವೂ ಹೌದು. ಆ ಅವಧಿಯಲ್ಲಿ ಹೋಗುವುದಾದರೆ ಹಣ ಹಿಂದಿರುಗುವ ಟಿಕೆಟ್‌ಗಳನ್ನೇ ಕೊಳ್ಳುವುದು ಒಳ್ಳೆಯದು.

ಊರಿನ ದೊಡ್ಡ ಹಬ್ಬವಾದ ಮಾರ್ಡಿ ಗ್ರಾ ಈಸ್ಟರ್‌ಗೆ 47 ದಿನ ಮುಂಚಿನ ಮಂಗಳವಾರ ಬರುತ್ತದೆ. 2027ರಲ್ಲಿ ಅದು ಫೆಬ್ರವರಿ 9ಕ್ಕೆ ಬೀಳುತ್ತದೆ. ಅದಕ್ಕೆ ಮುಂಚಿನ ಎರಡು ವಾರ ಮೆರವಣಿಗೆಗಳಿಂದ ರಸ್ತೆಗಳು ಮುಚ್ಚಿರುತ್ತವೆ, ಹೋಟೆಲುಗಳ ಬಾಡಿಗೆ ಹಲವು ಪಟ್ಟು ಏರಿರುತ್ತದೆ. ಮೊದಲ ಸಲ ಹೋಗುವವರು ಹಬ್ಬವನ್ನೇ ನೋಡಬೇಕೆಂಬ ಹಟವಿಲ್ಲದಿದ್ದರೆ ಆ ವಾರಗಳನ್ನು ಬಿಟ್ಟುಬಿಡುವುದು ಮೇಲು, ಏಕೆಂದರೆ ಹಬ್ಬ ಕಾಣುತ್ತದೆ, ಊರು ಕಾಣುವುದಿಲ್ಲ. ಜನವರಿ 6ರಿಂದ ಮಾರ್ಡಿ ಗ್ರಾ ದಿನದವರೆಗೆ ಮಾತ್ರ ತಿನ್ನುವ ವಾಡಿಕೆಯಿರುವ, ನೇರಳೆ, ಹಸಿರು, ಹೊನ್ನಿನ ಬಣ್ಣದ ಸಕ್ಕರೆ ಉದುರಿಸಿದ ಕಿಂಗ್ ಕೇಕನ್ನು ತಿನ್ನಬೇಕಾದರೆ ಜನವರಿ ನಡುವಿನಲ್ಲಿ ಹೋದರಾಯಿತು.

ಹೆಜ್ಜೆ 2: ದಿಕ್ಕು, ವಸತಿ, ಓಡಾಟ

ಮಿಸಿಸಿಪ್ಪಿ ನದಿ ಇಲ್ಲಿ ಅರ್ಧಚಂದ್ರಾಕಾರವಾಗಿ ಬಳಸಿ ಹರಿಯುವುದರಿಂದ ಉತ್ತರ ದಕ್ಷಿಣ ಎಂದು ಹೇಳಿದರೆ ಊರಿನವರಿಗೇ ಗೊಂದಲವಾಗುತ್ತದೆ. ಅವರು ದಾರಿ ಹೇಳುವುದು ನದಿಯ ಕಡೆ, ಸರೋವರದ ಕಡೆ, ಹರಿವಿನ ಮೇಲಕ್ಕೆ, ಹರಿವಿನ ಕೆಳಕ್ಕೆ ಎಂದು. ಸರೋವರವೆಂದರೆ ಪಾಂಚರ್‌ಟ್ರೇನ್. ಕೆನಾಲ್ ಸ್ಟ್ರೀಟ್ ಎಂಬ ಅಗಲವಾದ ರಸ್ತೆ ಊರನ್ನು ಎರಡು ಪಾಲು ಮಾಡುತ್ತದೆ. ಒಂದು ಬದಿಯಲ್ಲಿ ಹಳೆಯ ಫ್ರೆಂಚ್ ಕ್ವಾರ್ಟರ್, ಇನ್ನೊಂದು ಬದಿಯಲ್ಲಿ 1803ರ ನಂತರ ಬಂದು ನೆಲೆಸಿದ ಅಮೆರಿಕನ್ನರು ಕಟ್ಟಿಕೊಂಡ ಬಡಾವಣೆಗಳು. ಅದನ್ನು ದಾಟಿದೊಡನೆ ರಾಯಲ್ ಸ್ಟ್ರೀಟ್ ಸೇಂಟ್ ಚಾರ್ಲ್ಸ್ ಆಗುತ್ತದೆ, ಬರ್ಬನ್ ಸ್ಟ್ರೀಟ್ ಕರೊಂಡಲೆಟ್ ಆಗುತ್ತದೆ. ಇದು ಗೊತ್ತಿಲ್ಲದಿದ್ದರೆ ದಾರಿ ತಪ್ಪಿತೆಂದು ಗಾಬರಿಯಾಗುವುದು ಖಂಡಿತ.

ವಸತಿಗೆ ಫ್ರೆಂಚ್ ಕ್ವಾರ್ಟರ್‌ನ ಒಳಗೆ ಇಳಿದುಕೊಳ್ಳುವುದಾದರೆ ಬರ್ಬನ್ ಸ್ಟ್ರೀಟ್‌ನಿಂದ ಎರಡು ಮೂರು ಬೀದಿಗಳಾದರೂ ದೂರವಿರಲಿ, ಇಲ್ಲವಾದರೆ ನಿದ್ದೆ ಬರುವುದಿಲ್ಲ. ಮಕ್ಕಳೊಂದಿಗೆ ಅಥವಾ ಹಿರಿಯರೊಂದಿಗೆ ಬಂದವರಿಗೆ ಸೇಂಟ್ ಚಾರ್ಲ್ಸ್ ಅವೆನ್ಯೂ ಬದಿಯ ವಸತಿ ಹೆಚ್ಚು ನೆಮ್ಮದಿಯದು.

ಕಾರನ್ನು ಬಾಡಿಗೆಗೆ ಪಡೆಯಬೇಡಿ. ನಿಲುಗಡೆಯ ಶುಲ್ಕ ದುಬಾರಿ, ರಸ್ತೆಗಳು ಕಿರಿದು, ಗಾಜು ಒಡೆದು ಸಾಮಾನು ಕದಿಯುವುದು ಈ ಊರಿನ ಹಳೆಯ ರೋಗ. ಲೂಯಿ ಆರ್ಮ್‌ಸ್ಟ್ರಾಂಗ್ ವಿಮಾನ ನಿಲ್ದಾಣದಿಂದ ನಗರದ ನಡುಭಾಗಕ್ಕೆ ಟ್ಯಾಕ್ಸಿಗೆ ನಿಗದಿತ ದರವಿದೆ, 202ನೆಯ ಸಂಖ್ಯೆಯ ಬಸ್ಸೂ ಇದೆ. ಊರೊಳಗೆ ಓಡಾಡಲು ಸ್ಟ್ರೀಟ್‌ಕಾರ್ ಎಂದು ಕರೆಯುವ ಟ್ರಾಮ್ ಮತ್ತು ಕಾಲ್ನಡಿಗೆ ಸಾಕು. ಟ್ರಾಮ್ ಟಿಕೆಟಿಗೆ 1.25 ಡಾಲರ್, ದಿನವಿಡೀ ಓಡಾಡುವ ಪಾಸಿಗೆ 3 ಡಾಲರ್. ಚಾಲಕರು ಚಿಲ್ಲರೆ ಕೊಡುವುದಿಲ್ಲ.

ಹೆಜ್ಜೆ 3: ಶನಿವಾರ ಬೆಳಿಗ್ಗೆ, ಕಾಫಿ ಮತ್ತು ಚೌಕ

ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆಯೇ ಡೆಕೇಟರ್ ಸ್ಟ್ರೀಟ್‌ನ ಕೆಫೆ ದು ಮೋಂಡ್‌ನಲ್ಲಿ ಕುಳಿತಿರಬೇಕು. ಎಂಟೂವರೆಯ ಹೊತ್ತಿಗೆ ಸಾಲು ಬೀದಿಗೆ ಬಂದಿರುತ್ತದೆ. 1862ರಲ್ಲಿ ಆರಂಭವಾದ ಈ ಅಂಗಡಿಯಲ್ಲಿ ಆಯ್ಕೆ ಹೆಚ್ಚಿಲ್ಲ, ಆದ್ದರಿಂದಲೇ ಚಿಂತೆಯೂ ಇಲ್ಲ. ಬೆನ್ಯೇ ಎಂಬ, ಹುದುಗಿಸಿದ ಮೈದಾ ಹಿಟ್ಟನ್ನು ಚೌಕವಾಗಿ ಕತ್ತರಿಸಿ ಕರಿದ ತಿಂಡಿ ತಟ್ಟೆಗೆ ಮೂರರಂತೆ ಬರುತ್ತದೆ. ಮೇಲೆ ಪುಡಿ ಸಕ್ಕರೆಯ ದಪ್ಪ ಪದರ. ಕಪ್ಪು ಬಟ್ಟೆ ಉಟ್ಟು ಹೋಗಬೇಡಿ, ಕಚ್ಚುವಾಗ ಉಸಿರು ಒಳಗೆಳೆಯಬೇಡಿ, ಎದುರು ಕುಳಿತವರನ್ನು ನಗಿಸಬೇಡಿ.

ಅದರ ಜೊತೆಗೆ ಬರುವ ಕಾಫಿ ಕನ್ನಡಿಗರ ನಾಲಗೆಗೆ ಪರಿಚಿತವಾಗಿರುತ್ತದೆ, ಏಕೆಂದರೆ ಅದರಲ್ಲಿ ಚಿಕೋರಿ ಇದೆ. ಹುರಿದ ಚಿಕೋರಿ ಬೇರಿನ ಪುಡಿಯನ್ನು ಕಾಫಿಗೆ ಬೆರೆಸುವ ಫ್ರೆಂಚರ ರೂಢಿ ಈ ಊರಿನಲ್ಲಿ ಬೇರೂರಿದ್ದು ಮುಖ್ಯವಾಗಿ ಅಂತರ್ಯುದ್ಧದ ಕಾಲದಲ್ಲಿ. ಉತ್ತರದ ಸೇನೆ ಬಂದರನ್ನು ತಡೆಗಟ್ಟಿ ಕಾಫಿ ಬೀಜಕ್ಕೆ ತತ್ವಾರವಾದಾಗ ಇದ್ದುದನ್ನು ಹೆಚ್ಚು ದಿನ ಸಾಗಿಸಲು ಜನ ಚಿಕೋರಿಯನ್ನು ನೆಚ್ಚಿಕೊಂಡರು. ಬರ ತೀರಿದ ಮೇಲೂ ರುಚಿ ಉಳಿಯಿತು. ಬೆಂಗಳೂರು, ಮೈಸೂರುಗಳ ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಎಷ್ಟು ಪಾಲು ಬೆರೆಸಬೇಕೆಂದು ಕೇಳುವುದನ್ನು ಕಂಡವರಿಗೆ ಈ ಕಾಫಿಯ ಗಾಢ ಬಣ್ಣ ಮತ್ತು ಸಣ್ಣ ಕಹಿ ಹೊಸದೇನಲ್ಲ. ಇಲ್ಲಿ ಅದಕ್ಕೆ ಬಿಸಿ ಹಾಲನ್ನು ಸರಿಸಮನಾಗಿ ಬೆರೆಸುತ್ತಾರೆ. ಸಕ್ಕರೆಯನ್ನು ನಾವೇ ಹಾಕಿಕೊಳ್ಳಬೇಕು, ಆದರೆ ಬೆನ್ಯೇ ತಿಂದ ಮೇಲೆ ಅದರ ಅಗತ್ಯ ಬೀಳುವುದಿಲ್ಲ.

ರಸ್ತೆ ದಾಟಿದರೆ ಜಾಕ್ಸನ್ ಚೌಕ. ನಡುವೆ ಸೇಂಟ್ ಲೂಯಿ ಕೆಥೀಡ್ರಲ್, ಅದರ ಎರಡು ಪಕ್ಕಗಳಲ್ಲಿ ಕಬಿಲ್ಡೊ ಮತ್ತು ಪ್ರೆಸ್ಬಿಟೇರ್ ಎಂಬ ಎರಡು ವಸ್ತುಸಂಗ್ರಹಾಲಯಗಳಿವೆ. ಇವೆರಡೂ ಸೋಮವಾರ ಮುಚ್ಚಿರುವುದರಿಂದಲೇ ಅವನ್ನು ಶನಿವಾರಕ್ಕೆ ಇಟ್ಟುಕೊಳ್ಳುವುದು. ಫ್ರಾನ್ಸಿನಿಂದ ಕೊಂಡ ಲೂಯಿಸಿಯಾನಾ ಪ್ರದೇಶ ಅಮೆರಿಕಕ್ಕೆ ಹಸ್ತಾಂತರವಾದದ್ದು 1803ರಲ್ಲಿ ಇದೇ ಕಬಿಲ್ಡೊ ಕಟ್ಟಡದಲ್ಲಿ. ಪ್ರೆಸ್ಬಿಟೇರ್‌ನಲ್ಲಿ ಮಾರ್ಡಿ ಗ್ರಾ ಹಬ್ಬದ ವೇಷಭೂಷಣಗಳ ಜೊತೆಗೆ ಕತ್ರಿನಾ ಚಂಡಮಾರುತದ ಪ್ರದರ್ಶನವಿದೆ. 2005ರ ಆಗಸ್ಟ್ 29ರಂದು ಚಂಡಮಾರುತ ಬಡಿದಾಗ ನೀರುತಡೆಯ ದಂಡೆಗಳು ಒಡೆದು ನಗರದ ಸುಮಾರು ಶೇ. 80 ಭಾಗ ಮುಳುಗಿತು. ಈ ಪ್ರದರ್ಶನವನ್ನು ಮೊದಲ ದಿನವೇ ನೋಡುವುದು ಒಳಿತು. ಮುಂದಿನ ಎರಡು ದಿನ ಟ್ರಾಮ್‌ನ ಕಿಟಕಿಯಿಂದ ಕಾಣುವ ಖಾಲಿ ನಿವೇಶನಗಳೂ ಎತ್ತರಿಸಿ ಕಟ್ಟಿದ ಮನೆಗಳೂ ಆಗ ಅರ್ಥವಾಗುತ್ತವೆ.

ಅಲ್ಲಿಂದ ರಾಯಲ್ ಸ್ಟ್ರೀಟ್‌ನಲ್ಲಿ ನಿಧಾನವಾಗಿ ನಡೆಯಿರಿ. ಊರನ್ನು 1718ರಲ್ಲಿ ಸ್ಥಾಪಿಸಿದವರು ಫ್ರೆಂಚರಾದರೂ, 1788 ಮತ್ತು 1794ರ ಬೆಂಕಿಗಳಲ್ಲಿ ಹಳೆಯ ಮನೆಗಳು ಸುಟ್ಟುಹೋದಾಗ ಇಲ್ಲಿ ಆಳುತ್ತಿದ್ದವರು ಸ್ಪೇನಿನವರು. ಹಾಗಾಗಿ ಫ್ರೆಂಚ್ ಕ್ವಾರ್ಟರ್‌ನಲ್ಲಿ ಕಾಣುವ ಕಮಾನುಗಳೂ ಒಳಾಂಗಣಗಳೂ ಬಹುಮಟ್ಟಿಗೆ ಸ್ಪೇನಿನ ಕೈಚಳಕ.

ಹೆಜ್ಜೆ 4: ಏನನ್ನು ತಿನ್ನಬೇಕು, ಹೇಗೆ ಕೇಳಬೇಕು

ಈ ಊರಿನ ಅಡುಗೆಯನ್ನು ಗಂಬೊ ಎಂಬ ಗಟ್ಟಿ ಸಾರು ಒಂದರಿಂದಲೇ ಅರಿಯಬಹುದು. ಹಿಟ್ಟನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಂದುಬಣ್ಣ ಬರುವವರೆಗೆ ಕೈಬಿಡದೆ ಹುರಿಯುವ ಕ್ರಮ ಫ್ರೆಂಚರದು; ಬೆಂಡೆಕಾಯಿ ಬಂದದ್ದು ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಅಡುಗೆಯಿಂದ; ಬೆಂಡೆಯ ಬದಲು ಸಾರನ್ನು ಗಟ್ಟಿಯಾಗಿಸಲು ಹಾಕುವ ಸಾಸಾಫ್ರಾಸ್ ಎಲೆಯ ಪುಡಿ ಚಾಕ್ಟಾ ಮೂಲನಿವಾಸಿಗಳ ಕೊಡುಗೆ. ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ ಎಂಬ ಮೂರು ತರಕಾರಿಗಳು ಇಲ್ಲಿನ ಬಹುತೇಕ ಅಡುಗೆಗಳ ತಳಪಾಯ. ಸಿಗಡಿ, ಏಡಿ ಹಾಕಿದ ಗಂಬೊ ಒಂದು ಬಗೆ, ಕೋಳಿ ಮತ್ತು ಆಂಡೂಯಿ ಎಂಬ ಹೊಗೆಯಾಡಿಸಿದ ಸಾಸೇಜು ಹಾಕಿದ್ದು ಇನ್ನೊಂದು. ಎರಡನ್ನೂ ಅನ್ನದ ಮೇಲೆ ಹೊಯ್ದು ಕೊಡುತ್ತಾರೆ.

ಪೊ ಬಾಯ್ ಎಂದರೆ ಮೇಲೆ ಗರಿಗರಿ, ಒಳಗೆ ಹತ್ತಿಯಂತಿರುವ ಉದ್ದನೆಯ ಬ್ರೆಡ್ಡಿನಲ್ಲಿ ಕರಿದ ಸಿಗಡಿ, ಸಿಂಪಿ ಅಥವಾ ಬೇಯಿಸಿದ ಗೋಮಾಂಸ ತುಂಬಿದ ತಿಂಡಿ. 1929ರ ಟ್ರಾಮ್ ನೌಕರರ ಮುಷ್ಕರದಲ್ಲಿ ಅವರಿಗೆ ಪುಕ್ಕಟೆಯಾಗಿ ಹಂಚಿದ್ದರಿಂದ ಇದಕ್ಕೆ ಬಡಪಾಯಿಗಳ ಹೆಸರು ಬಂತೆಂಬುದು ಪ್ರಚಲಿತ ಕಥೆ. ‘ಡ್ರೆಸ್ಡ್’ ಎಂದು ಹೇಳಿದರೆ ಸೊಪ್ಪು, ಟೊಮ್ಯಾಟೊ, ಉಪ್ಪಿನಲ್ಲಿಟ್ಟ ಸೌತೆ, ಮೇಯನೇಸ್ ಹಾಕಿ ಕೊಡುತ್ತಾರೆ. ಫ್ರೆಂಚ್ ಕ್ವಾರ್ಟರ್‌ನ ಹೊರಗಿರುವ ಪಾರ್ಕ್‌ವೇ ಬೇಕರಿ ಇದಕ್ಕೆ ಒಳ್ಳೆಯ ಜಾಗ. ಮಫಲೆಟಾ ಸಿಸಿಲಿಯಿಂದ ವಲಸೆ ಬಂದವರ ಕೊಡುಗೆ; ಡೆಕೇಟರ್ ಸ್ಟ್ರೀಟ್‌ನಲ್ಲಿ 1906ರಲ್ಲಿ ತೆರೆದ ಸೆಂಟ್ರಲ್ ಗ್ರೋಸರಿಯಲ್ಲಿ ಹುಟ್ಟಿದ ಈ ದುಂಡನೆಯ ಸ್ಯಾಂಡ್‌ವಿಚ್ಚಿನ ಜೀವಾಳ ಅದರ ಆಲಿವ್ ಉಪ್ಪಿನಕಾಯಿ. ಒಬ್ಬರಿಗೆ ಅರ್ಧವೇ ಹೆಚ್ಚು.

ಕರಾವಳಿಯ ಕನ್ನಡಿಗರಿಗೆ ಇದು ಹಬ್ಬದ ಊರು. ಫೆಬ್ರವರಿಯಿಂದ ಜೂನ್‌ವರೆಗೆ ಕ್ರಾಫಿಶ್ ಎಂಬ ಸಿಹಿನೀರಿನ ಸಿಗಡಿಯಂಥ ಜೀವಿಯನ್ನು ಖಾರದ ನೀರಿನಲ್ಲಿ ಜೋಳ, ಆಲೂಗಡ್ಡೆಗಳೊಂದಿಗೆ ಬೇಯಿಸಿ, ಕಾಗದ ಹಾಸಿದ ಮೇಜಿನ ಮೇಲೆ ಸುರಿಯುತ್ತಾರೆ. ಬಾಲವನ್ನು ತಿರುಚಿ ಬಿಡಿಸಿ ತಿನ್ನಬೇಕು. ನಾಜೂಕು ಇಲ್ಲಿ ನಡೆಯದು.

ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು. ಮಾಂಸವಿಲ್ಲ ಎಂದು ಹೇಳಿದ ತಿನಿಸಿನಲ್ಲಿ ತುಂಡುಗಳಿಲ್ಲದಿದ್ದರೂ ಕೋಳಿ ಅಥವಾ ಹಂದಿಯ ಎಲುಬು ಕುದಿಸಿದ ನೀರಿರಬಹುದು. ಅಷ್ಟೇ ಅಲ್ಲ, ಇದು ಕ್ಯಾಥೊಲಿಕ್ ಸಂಪ್ರದಾಯದ ಊರಾದ್ದರಿಂದ ವ್ರತದ ಶುಕ್ರವಾರಗಳ ‘ಮಾಂಸರಹಿತ’ ಊಟದಲ್ಲಿ ಮೀನು, ಸಿಗಡಿ ಧಾರಾಳವಾಗಿರುತ್ತವೆ. ಆದ್ದರಿಂದ ಸಸ್ಯಾಹಾರಿ ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾವ ನೀರಿನಲ್ಲಿ ಬೇಯಿಸಿದ್ದು, ಯಾವ ಕೊಬ್ಬಿನಲ್ಲಿ ಹುರಿದದ್ದು, ಸಾಸೇಜು ಬಿದ್ದಿದೆಯೇ ಎಂದು ಒಂದೊಂದಾಗಿ ಕೇಳಿ, ಬಡಿಸುವವರು ಬೇಸರಪಡುವುದಿಲ್ಲ. ಹೆಸರಿನಿಂದ ಮೋಸಹೋಗಬಾರದ ಇನ್ನೊಂದು ಅಡುಗೆ ಹಸಿರು ಸೊಪ್ಪುಗಳ ಗಂಬೊ: ಅದರಲ್ಲಿ ಹಲವು ಬಗೆಯ ಸೊಪ್ಪಿನೊಂದಿಗೆ ಹಲವು ಬಗೆಯ ಮಾಂಸವೂ ಇರುವುದು ಸಾಮಾನ್ಯ.

ನೆಮ್ಮದಿಯಿಂದ ತಿನ್ನಬಹುದಾದ ಜಾಗಗಳೂ ಇವೆ. ಬೈವಾಟರ್ ಬಡಾವಣೆಯ ಸ್ನೀಕಿ ಪಿಕಲ್‌ನಲ್ಲಿ ಸಸ್ಯಾಹಾರಕ್ಕೇ ಪ್ರಾಧಾನ್ಯ. ಟರ್ಕಿ ಅಂಡ್ ದ ವುಲ್ಫ್ ಎಂಬ ಪುಟ್ಟ ಅಂಗಡಿಯ ಹೆಸರು ಕೇಳಿ ಹಿಂಜರಿಯಬೇಡಿ; ಕಾಲರ್ಡ್ ಸೊಪ್ಪನ್ನು ಮೆತ್ತಗೆ ಬೇಯಿಸಿ ಚೀಸಿನೊಂದಿಗೆ ಹುರಿದ ಬ್ರೆಡ್ಡಿನ ನಡುವೆ ಇಟ್ಟುಕೊಡುವ ಅಲ್ಲಿನ ಸ್ಯಾಂಡ್‌ವಿಚ್ ನನ್ನ ಮಟ್ಟಿಗೆ ಊರಿನ ಅತ್ಯುತ್ತಮ ಸಸ್ಯಾಹಾರ. ಮ್ಯಾಗಜಿನ್ ಸ್ಟ್ರೀಟ್‌ನ ಸ್ಯಾಫ್ರನ್‌ನಲ್ಲಿ ಭಾರತೀಯ ಅಡುಗೆಯನ್ನು ಈ ಊರಿನ ಅಡುಗೆಯೊಂದಿಗೆ ಬೆಸೆದಿದ್ದಾರೆ.

ಹೆಜ್ಜೆ 5: ಶನಿವಾರ ಸಂಜೆ, ಪಾನೀಯ

ಅಮೆರಿಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಕೊಡುವುದಿಲ್ಲ. ತಲೆಗೂದಲು ನರೆತಿದ್ದರೂ ಗುರುತಿನ ಪತ್ರ ಕೇಳಬಹುದು, ಪಾಸ್‌ಪೋರ್ಟ್ ಜೊತೆಗಿರಲಿ. ಫ್ರೆಂಚ್ ಕ್ವಾರ್ಟರ್‌ನಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಪಾನೀಯ ಹಿಡಿದು ಬೀದಿಯಲ್ಲಿ ನಡೆಯಬಹುದು, ಗಾಜಿನ ಲೋಟ ಅಥವಾ ಸೀಸೆ ಮಾತ್ರ ಕೂಡದು.

ಊರಿನ ಅಧಿಕೃತ ಕಾಕ್‌ಟೇಲ್ ಎಂದು 2008ರಲ್ಲಿ ಘೋಷಿಸಲಾದ ಸಾಜೆರಾಕ್‌ನಿಂದ ಆರಂಭಿಸಿ. ರೈ ವಿಸ್ಕಿಗೆ ಸಕ್ಕರೆ ಮತ್ತು ಪೇಷೋ ಎಂಬ ಔಷಧ ವ್ಯಾಪಾರಿ ತಯಾರಿಸಿದ ಕಹಿಸತ್ವವನ್ನು ಬೆರೆಸಿ, ಸೋಂಪಿನ ವಾಸನೆಯ ಮದ್ಯದಿಂದ ತೊಳೆದ ಲೋಟಕ್ಕೆ ಸುರಿದು ನಿಂಬೆ ಸಿಪ್ಪೆಯ ಘಮ ಕೊಡುತ್ತಾರೆ. ಕೆನಾಲ್ ಸ್ಟ್ರೀಟ್‌ನ ಸಾಜೆರಾಕ್ ಹೌಸ್ ಎಂಬ ಸಂಗ್ರಹಾಲಯದಲ್ಲಿ ಅದರ ಇತಿಹಾಸವನ್ನು ಪುಕ್ಕಟೆಯಾಗಿ ನೋಡಬಹುದು. ಮಾಂಟೆಲಿಯೋನ್ ಹೋಟೆಲಿನ ಕ್ಯಾರೊಸೆಲ್ ಬಾರ್ 1949ರಿಂದ ತಿರುಗುತ್ತಲೇ ಇದೆ: ಗ್ರಾಹಕರು ಕುಳಿತ ಆಸನಗಳು ಬಾರಿನ ಸುತ್ತ ಮೆಲ್ಲಗೆ ಚಲಿಸುತ್ತವೆ, ಆದ್ದರಿಂದ ತಲೆ ತಿರುಗಿದರೆ ಮದ್ಯವನ್ನೇ ದೂರಬೇಕಾಗಿಲ್ಲ. ಬರ್ಬನ್ ಸ್ಟ್ರೀಟ್‌ನ ಸಿಹಿ ಕೆಂಪು ಹರಿಕೇನ್ ಪಾನೀಯಕ್ಕಿಂತ ನೆಪೋಲಿಯನ್ ಹೌಸ್‌ನ ಸೌತೆಕಾಯಿ ಹಾಕಿದ ಪಿಮ್ಸ್ ಕಪ್ ಸೆಕೆಗೆ ಹೆಚ್ಚು ಹಿತ.

ಬರ್ಬನ್ ಸ್ಟ್ರೀಟನ್ನು ಕತ್ತಲಾಗುವ ಮುಂಚೆ ಒಮ್ಮೆ ನಡೆದು ಮುಗಿಸಿ. ಅದಕ್ಕಿಂತ ಹೆಚ್ಚಿನ ಸಮಯ ಅದಕ್ಕೆ ಸಲ್ಲದು. ನಿಮ್ಮ ಬೂಟುಗಳು ಎಲ್ಲಿಂದ ಬಂದವೆಂದು ಹೇಳಿಬಿಡುತ್ತೇನೆ, ಪಣ ಕಟ್ಟುವಿರಾ ಎಂದು ಯಾರಾದರೂ ಕೇಳಿದರೆ ನಕ್ಕು ಮುಂದೆ ಸಾಗಿ. ನಿಮ್ಮ ಕಾಲಲ್ಲಿವೆ, ಬರ್ಬನ್ ಸ್ಟ್ರೀಟ್‌ನಲ್ಲಿವೆ ಎಂಬ ಇಂಗ್ಲಿಷ್ ಮಾತಿನ ಚಮತ್ಕಾರವೇ ಅವರ ಉತ್ತರ, ಇಪ್ಪತ್ತು ಡಾಲರ್ ನಿಮ್ಮ ಕರ್ಚು.

ಸೇಂಟ್ ಪೀಟರ್ ಸ್ಟ್ರೀಟ್‌ನ ಪ್ರಿಸರ್ವೇಷನ್ ಹಾಲ್‌ನಲ್ಲಿ 1961ರಿಂದ ಸಾಂಪ್ರದಾಯಿಕ ಜಾಝ್ ನುಡಿಸಲಾಗುತ್ತಿದೆ. ಇಕ್ಕಟ್ಟಾದ ಕೋಣೆ, ಮರದ ಬೆಂಚುಗಳು, ಮುಕ್ಕಾಲು ಗಂಟೆಯ ಕಛೇರಿ. ಅಲ್ಲಿ ಮದ್ಯ ಮಾರುವುದಿಲ್ಲ, ಮಕ್ಕಳಿಗೂ ಪ್ರವೇಶವಿದೆ. ಟಿಕೆಟನ್ನು ಮೊದಲೇ ಕೊಂಡಿರಬೇಕು.

ಹೆಜ್ಜೆ 6: ಭಾನುವಾರ, ಟ್ರೆಮೆಯಿಂದ ಫ್ರೆಂಚ್‌ಮೆನ್ ಸ್ಟ್ರೀಟ್‌ಗೆ

ಭಾನುವಾರ ಬೆಳಿಗ್ಗೆ ಟ್ರೆಮೆ ಬಡಾವಣೆಯ ಲೂಯಿ ಆರ್ಮ್‌ಸ್ಟ್ರಾಂಗ್ ಉದ್ಯಾನದೊಳಗಿನ ಕಾಂಗೊ ಚೌಕಕ್ಕೆ ಹೋಗಿ. ಗುಲಾಮಗಿರಿಯ ಕಾಲದಲ್ಲಿ ಭಾನುವಾರದ ಬಿಡುವಿನಲ್ಲಿ ಆಫ್ರಿಕನ್ನರು ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದ ಜಾಗವಿದು. ಜಾಝ್‌ನ ಲಯದ ಬೇರನ್ನು ಇಲ್ಲಿಯೇ ಹುಡುಕುತ್ತಾರೆ. ಸೆಪ್ಟೆಂಬರ್‌ನಿಂದ ಜೂನ್‌ವರೆಗಿನ ಬಹುತೇಕ ಭಾನುವಾರಗಳಲ್ಲಿ ಬಡಾವಣೆಯ ಸಂಘಗಳು ಹಿತ್ತಾಳೆ ವಾದ್ಯಗಳೊಂದಿಗೆ ಸೆಕೆಂಡ್ ಲೈನ್ ಮೆರವಣಿಗೆ ಹೊರಡುತ್ತವೆ. ದಾರಿಯ ವಿವರವನ್ನು ಸ್ಥಳೀಯ ಸಂಗೀತ ಆಕಾಶವಾಣಿಯಾದ ಡಬ್ಲ್ಯುಡಬ್ಲ್ಯುಓಝಡ್ ಪ್ರಕಟಿಸುತ್ತದೆ. ಮುಂದೆ ನಡೆಯುವವರು ಸಂಘದ ಸದಸ್ಯರು, ಹಿಂದೆ ಕುಣಿಯುತ್ತ ಸಾಗುವ ಎಲ್ಲರೂ ಎರಡನೆಯ ಸಾಲು. ಅಪರಿಚಿತರಿಗೂ ಅಲ್ಲಿ ಜಾಗವುಂಟು. ಸಂಘದವರ ಸುತ್ತ ಹಿಡಿದ ಹಗ್ಗದೊಳಗೆ ನುಗ್ಗಿ ಫೋಟೊ ತೆಗೆಯುವುದು ಮಾತ್ರ ಅಸಭ್ಯತನ.

ಇದೇ ಬದಿಯಲ್ಲಿ 1941ರಲ್ಲಿ ಆರಂಭವಾದ ಡೂಕಿ ಚೇಸ್ ರೆಸ್ಟೊರೆಂಟ್ ಇದೆ. ಬಿಳಿಯರೂ ಕರಿಯರೂ ಒಟ್ಟಿಗೆ ಕುಳಿತು ಉಣ್ಣುವುದು ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಇದರ ಮಹಡಿಯ ಮೇಲೆ ಸಭೆ ಸೇರುತ್ತಿದ್ದರು. 2019ರಲ್ಲಿ ನಿಧನರಾದ ಲೇಯಾ ಚೇಸ್ ಆ ಹೋರಾಟಗಾರರಿಗೆ ಅಡುಗೆ ಮಾಡಿ ಬಡಿಸುತ್ತಿದ್ದರು. ಭಾನುವಾರ ಇದು ಮುಚ್ಚಿರುವುದರಿಂದ, ಶುಕ್ರವಾರ ಮಧ್ಯಾಹ್ನಕ್ಕೆ ಮುಂಚೆ ಊರು ತಲುಪುವವರು ಮೊದಲ ಊಟವನ್ನೇ ಇಲ್ಲಿ ಇಟ್ಟುಕೊಳ್ಳಲಿ.

ಸೇಂಟ್ ಲೂಯಿ ಒಂದನೆಯ ಸ್ಮಶಾನವೂ ಹತ್ತಿರವೇ. 1789ರ ಈ ಸ್ಮಶಾನದಲ್ಲಿ ಸಮಾಧಿಗಳು ನೆಲದ ಮೇಲೆ ಪುಟ್ಟ ಮನೆಗಳಂತಿವೆ. ವೂಡೂ ಪಂಥದ ಮಾರಿ ಲವೋ ಅವರದೆಂದು ನಂಬಲಾದ ಸಮಾಧಿಯೂ ಇಲ್ಲಿದೆ. ಸಮಾಧಿಗಳ ಮೇಲೆ ಗೀಚುವವರ ಕಾಟದಿಂದ 2015ರಿಂದ ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ.

ಸಂಜೆ ಫ್ರೆಂಚ್‌ಮೆನ್ ಸ್ಟ್ರೀಟ್. ಸ್ಪಾಟೆಡ್ ಕ್ಯಾಟ್‌ನಂಥ ಸಣ್ಣ ಕೋಣೆಗಳಲ್ಲಿ ನಿಂತೇ ಕೇಳಬೇಕು, ಸ್ನಗ್ ಹಾರ್ಬರ್‌ನಲ್ಲಿ ಟಿಕೆಟ್ ಕೊಂಡು ಕುಳಿತು ಕೇಳಬಹುದು. ಪ್ರವೇಶ ಪುಕ್ಕಟೆಯಾದಲ್ಲಿ ತಲೆಗೊಂದು ಪಾನೀಯ ಕೊಳ್ಳುವುದೂ, ಬಕೆಟ್ ಬಂದಾಗ ನೋಟು ಹಾಕುವುದೂ ಕಡ್ಡಾಯವೆಂದೇ ತಿಳಿಯಿರಿ, ಏಕೆಂದರೆ ವಾದಕರ ಸಂಪಾದನೆ ಬಹುಪಾಲು ಅದರಲ್ಲೇ ಇದೆ.

ಹೆಜ್ಜೆ 7: ಸೋಮವಾರ, ಟ್ರಾಮ್ ಮತ್ತು ಕೆಂಪು ಕಾಳು

1835ರಿಂದ ಸೇವೆಯಲ್ಲಿರುವ ಸೇಂಟ್ ಚಾರ್ಲ್ಸ್ ಟ್ರಾಮ್ ಮಾರ್ಗ ಜಗತ್ತಿನಲ್ಲೇ ಅತಿ ದೀರ್ಘಕಾಲದಿಂದ ಸತತವಾಗಿ ನಡೆಯುತ್ತಿರುವ ಬೀದಿ ರೈಲೆಂದು ಹೆಸರಾಗಿದೆ. ಹಸಿರು ಗಾಡಿಯ ಮರದ ಸೀಟಿನಲ್ಲಿ ಕುಳಿತು, ಓಕ್ ಮರಗಳ ನೆರಳಿನಲ್ಲಿ ಗಾರ್ಡನ್ ಡಿಸ್ಟ್ರಿಕ್ಟ್‌ವರೆಗೆ ಹೋಗಿ, ಇಳಿದು, ಕಂಬಸಾಲಿನ ಹಳೆಯ ಬಂಗಲೆಗಳ ನಡುವೆ ಒಂದು ಗಂಟೆ ನಡೆಯಿರಿ. ಒಂಬತ್ತರ ನಂತರ ಹತ್ತಿದರೆ ಕಿಟಕಿ ಸಿಗುವುದು ಕಷ್ಟ.

ಮಧ್ಯಾಹ್ನಕ್ಕೆ ಕೆಂಪು ರಾಜ್ಮಾ ಮತ್ತು ಅನ್ನ. ಸೋಮವಾರ ಬಟ್ಟೆ ಒಗೆಯುವ ದಿನವಾದ್ದರಿಂದ ಭಾನುವಾರದ ಹಂದಿಮಾಂಸದ ಎಲುಬಿನೊಂದಿಗೆ ಕಾಳನ್ನು ಒಲೆಯ ಮೇಲಿಟ್ಟು ಮರೆತುಬಿಡುತ್ತಿದ್ದ ಗೃಹಿಣಿಯರ ಪದ್ಧತಿ ಇಂದಿಗೂ ರೆಸ್ಟೊರೆಂಟುಗಳ ಸೋಮವಾರದ ವಿಶೇಷವಾಗಿ ಉಳಿದಿದೆ. ಎಲುಬಿಲ್ಲದೆ ಬೇಯಿಸಿದ್ದು ಸಿಕ್ಕರೆ ಸಸ್ಯಾಹಾರಿಗಳು ಬಿಡಬಾರದು.

ಉಳಿದ ಮಧ್ಯಾಹ್ನವನ್ನು ಎರಡನೆಯ ಮಹಾಯುದ್ಧದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಕೊಡಿ. ನಾರ್ಮಂಡಿಯ ತೀರಕ್ಕೆ ಸೈನಿಕರನ್ನು ಇಳಿಸಿದ ಹಿಗ್ಗಿನ್ಸ್ ದೋಣಿಗಳು ಇದೇ ಊರಿನಲ್ಲಿ ತಯಾರಾದವು, ಸಂಗ್ರಹಾಲಯ ಇಲ್ಲಿರುವುದಕ್ಕೆ ಅದೇ ಕಾರಣ. ಯುದ್ಧದಲ್ಲಿ ಆಸಕ್ತಿಯಿಲ್ಲದವರು ಕೆನಾಲ್ ಸ್ಟ್ರೀಟ್‌ನ ಕೆಂಪು ಟ್ರಾಮ್ ಹಿಡಿದು ಸಿಟಿ ಪಾರ್ಕ್‌ನ ಶಿಲ್ಪವನಕ್ಕೆ ಹೋಗಲಿ. ಅದಕ್ಕೆ ಪ್ರವೇಶ ಶುಲ್ಕವಿಲ್ಲ.

ಹೆಜ್ಜೆ 8: ಕರ್ಚು, ಮತ್ತು ಇನ್ನೊಂದು ದಿನವಿದ್ದರೆ

ರೆಸ್ಟೊರೆಂಟಿನ ಬೆಲೆಪಟ್ಟಿಯ ಮೇಲೆ ಸುಮಾರು ಶೇ. 10 ತೆರಿಗೆಯನ್ನೂ ಶೇ. 18ರಿಂದ 20 ಟಿಪ್ಸನ್ನೂ ಸೇರಿಸಿಯೇ ಲೆಕ್ಕ ಹಾಕಿ. ಪೆಕಾನ್ ಬೀಜದ ಪ್ರಾಲೀನ್ ಮಿಠಾಯಿ ಮತ್ತು ಚಿಕೋರಿ ಕಾಫಿಯ ಹಳದಿ ಡಬ್ಬಿ ಊರಿಗೆ ಒಯ್ಯಲು ತಕ್ಕವು.

ನಾಲ್ಕನೆಯ ದಿನ ಸಿಕ್ಕರೆ, ಮತ್ತು ಅದು ಮಂಗಳವಾರವಲ್ಲದಿದ್ದರೆ, ನಗರದಿಂದ ಒಂದು ಗಂಟೆಯ ದಾರಿಯ ವಿಟ್ನಿ ಪ್ಲಾಂಟೇಶನ್‌ಗೆ ಹೋಗಬೇಕು. ನದಿಯ ದಂಡೆಯ ಹಳೆಯ ಕಬ್ಬಿನ ಎಸ್ಟೇಟುಗಳಲ್ಲಿ ಹಲವು ಇಂದು ಒಡೆಯರ ಬಂಗಲೆ, ಮರಗಳ ಸಾಲು ಮತ್ತು ಮದುವೆಯ ಫೋಟೊಗಳಿಗೆ ಪ್ರಸಿದ್ಧವಾಗಿವೆ. 2014ರಲ್ಲಿ ತೆರೆದ ವಿಟ್ನಿ ಮಾತ್ರ ಅಲ್ಲಿ ದುಡಿದ ಗುಲಾಮರ ಕಡೆಯಿಂದ ಕಥೆ ಹೇಳುತ್ತದೆ, ಲೂಯಿಸಿಯಾನಾದ ಒಂದು ಲಕ್ಷಕ್ಕೂ ಹೆಚ್ಚು ಗುಲಾಮರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದೆ. ಮಂಗಳವಾರ ಅದಕ್ಕೆ ರಜೆ. ಬಸ್ಸು ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಆ ಒಂದು ದಿನಕ್ಕೆ ಮಾತ್ರ ಕಾರನ್ನು ಬಾಡಿಗೆಗೆ ಪಡೆಯಿರಿ, ಅಥವಾ ನಗರದಿಂದ ಹೊರಡುವ ಪ್ರವಾಸದ ವ್ಯಾನಿನಲ್ಲಿ ಸೀಟು ಕಾದಿರಿಸಿ. ಸುತ್ತಾಟ ಬಹುಪಾಲು ಬಯಲಲ್ಲಿರುವುದರಿಂದ ಟೋಪಿ, ನೀರಿನ ಬಾಟಲಿ ಇರಲಿ, ಸಾಧ್ಯವಾದರೆ ಬೆಳಗಿನ ಮೊದಲ ತಂಡದೊಂದಿಗೇ ಒಳಗೆ ಹೋಗಿ.